ಕಾಗದದ ವೇಷದಲ್ಲಿ ಬರುವ ಕಳ್ಳ



ಬೀಜದ ಚೀಲ ಬಂದರೆ ನಾವು ಬಿಚ್ಚಿ, ಒಂದು ಹಿಡಿ ಅಂಗೈಗೆ ಸುರಿದು ನೋಡುತ್ತೇವೆ. ಒಳ್ಳೆಯ ಅಭ್ಯಾಸ. ಆದರೆ ಸಹಕಾರ ಸಂಘದ ಕಂಪ್ಯೂಟರಿಗೆ ಇ-ಮೇಲಿನಲ್ಲಿ ಬರುವ ಕಾಗದಗಳ ವಿಷಯದಲ್ಲಿ ಬಿಚ್ಚಿ ನೋಡುವುದೇ ಅಪಾಯವಾಗಬಹುದು. ಗೊಬ್ಬರದ ದರಪಟ್ಟಿಯೆಂದೋ ಸಹಾಯಧನದ ಆದೇಶವೆಂದೋ ಹೆಸರಿರುತ್ತದೆ, ಒಳಗಿರುವುದು ಬೇರೆ. ನಿಮ್ಮ ಸಾಲ, ಠೇವಣಿಗಳ ಲೆಕ್ಕವೆಲ್ಲ ಅದೇ ಯಂತ್ರದಲ್ಲಿರುವುದರಿಂದ ಇದು ಕಾರ್ಯದರ್ಶಿಗಳೊಬ್ಬರ ಚಿಂತೆಯಲ್ಲ.

ಬರಿಯ ಕಾಗದ ಹೇಗೆ ಕೇಡು ಮಾಡೀತು ಎಂದು ಕೇಳಬಹುದು. ನಡೆದ ಸಂಗತಿಯನ್ನೇ ನೋಡೋಣ. ಮೈಕ್ರೋಸಾಫ್ಟ್ ಕಂಪನಿಯ ಆಫೀಸ್ ತಂತ್ರಾಂಶದಲ್ಲಿ ಗಣಿತದ ಸಮೀಕರಣ ಬರೆಯಲು ‘ಈಕ್ವೇಶನ್ ಎಡಿಟರ್’ ಎಂಬ ಸಣ್ಣ ಸಲಕರಣೆಯಿತ್ತು. 2000ದಲ್ಲಿ ಸಿದ್ಧವಾದ ಅದನ್ನೇ 2017ರವರೆಗೂ ಇಟ್ಟುಕೊಂಡು ಬಂದಿದ್ದರು. ಅಕ್ಷರಶೈಲಿಯ ಹೆಸರನ್ನಿಡಲು ಅದರಲ್ಲಿ ಇಷ್ಟೇ ಜಾಗವೆಂದು ಗೊತ್ತುಮಾಡಿತ್ತು. ಬಂದ ಹೆಸರು ಅಷ್ಟರಲ್ಲಿ ಹಿಡಿಯುವುದೇ ಎಂದು ಮಾತ್ರ ಅಳೆಯುತ್ತಿರಲಿಲ್ಲ. ಕಾಲುವೆಗೆ ಮಿತಿಮೀರಿ ನೀರು ಬಿಟ್ಟರೆ ಬದು ಒಡೆದು ಪಕ್ಕದ ಹೊಲಕ್ಕೆ ನುಗ್ಗುವುದಿಲ್ಲವೇ? ಹಾಗೆಯೇ ಬೇಕೆಂದು ಉದ್ದವಾಗಿ ಬರೆದ ಹೆಸರು ತನ್ನ ಜಾಗ ಮೀರಿ, ಯಂತ್ರ ಮುಂದೇನು ಮಾಡಬೇಕೆಂಬ ಸೂಚನೆ ಇರುವಲ್ಲಿಗೇ ಹರಿಯುತ್ತಿತ್ತು. ಅಲ್ಲಿಂದ ಮುಂದೆ ಯಂತ್ರ ಕಳ್ಳನ ಮಾತು ಕೇಳುತ್ತಿತ್ತು.

2017ರ ನವೆಂಬರಿನಲ್ಲಿ ಕಂಪನಿ ದುರಸ್ತಿ ಕೊಟ್ಟಿತು. 2018ರ ಜನವರಿಯಲ್ಲಿ ಆ ಸಲಕರಣೆಯನ್ನೇ ತೆಗೆದುಹಾಕಿತು. ಆದರೂ ಕಳ್ಳರು ಈ ದಾರಿಯನ್ನು ಬಿಡಲಿಲ್ಲ. 2016ರಿಂದ 2019ರವರೆಗೆ ಅತಿ ಹೆಚ್ಚು ದುರುಪಯೋಗವಾದ ಹತ್ತು ದೋಷಗಳೆಂದು ಅಮೆರಿಕದ ಸರ್ಕಾರಿ ಸಂಸ್ಥೆಗಳು 2020ರಲ್ಲಿ ಕೊಟ್ಟ ಪಟ್ಟಿಯಲ್ಲಿ ಇದೂ ಇತ್ತು. ಕಾರಣ ಸರಳ: ದುರಸ್ತಿಯನ್ನು ಹಾಕಿಕೊಳ್ಳದ ಯಂತ್ರಗಳು ಎಷ್ಟೋ ಉಳಿದಿದ್ದವು. ಲಸಿಕೆ ಬಂದಿದೆಯೆಂದರೆ ಸಾಲದು, ದನಕ್ಕೆ ಹಾಕಿಸಬೇಕಷ್ಟೆ.

ಒಂದು ಯಂತ್ರ ಕೆಟ್ಟರೆ ಜಾಲದ ತಂತಿ ಹಿಡಿದು ಕೇಡು ಉಳಿದವಕ್ಕೂ ಹರಡಬಹುದು, ಕಾಲುಬಾಯಿ ಜ್ವರ ಕೊಟ್ಟಿಗೆಯಲ್ಲಿ ಹಬ್ಬುವಂತೆ. ಅನುಮಾನ ಬಂದ ಕೂಡಲೇ ಆ ಯಂತ್ರದ ಜಾಲದ ತಂತಿ ಕಿತ್ತು, ವೈಫೈ ಇದ್ದರೆ ಅದನ್ನೂ ನಿಲ್ಲಿಸಿ, ತಿಳಿದವರನ್ನು ಕರೆಯತಕ್ಕದ್ದು. ಹಣ ಹೋಗಿದ್ದರೆ 1930ಕ್ಕೆ ಆ ಕ್ಷಣವೇ ಫೋನು ಮಾಡಬೇಕು.

ಹೊರಗಿನಿಂದ ಬಂದ ಕಾಗದವನ್ನು ವರ್ಡ್ ಸಾಮಾನ್ಯವಾಗಿ ಓದಲು ಮಾತ್ರ ತೆರೆದು, ಮೇಲೆ ಹಳದಿ ಪಟ್ಟಿ ತೋರಿಸುತ್ತದೆ. ಆ ಪಟ್ಟಿಯ ಗುಂಡಿ ಒತ್ತಿದರೆ ಈ ಕಾವಲು ಹೋಗುತ್ತದೆ. ಕಾಗದದೊಳಗೇ ‘ಗುಂಡಿ ಒತ್ತಿರಿ’ ಎಂದು ಬರೆದಿದ್ದರಂತೂ ಕಳುಹಿಸಿದವರಿಗೆ ಫೋನು ಮಾಡಿ ಕೇಳದೆ ಮುಟ್ಟಬಾರದು. ಫೋನಿನ ಸಂಖ್ಯೆಯನ್ನು ಆ ಪತ್ರದಿಂದ ತೆಗೆದುಕೊಳ್ಳದೆ, ನಿಮ್ಮ ಹಳೆಯ ಪುಸ್ತಕದಿಂದ ನೋಡಿಕೊಳ್ಳಿರಿ. ದಿನದ ಕೆಲಸಕ್ಕೆ ಯಂತ್ರದ ಪೂರ್ಣ ಅಧಿಕಾರವಿರುವ ಖಾತೆಯನ್ನು ಬಳಸದಿದ್ದರೆ, ಕಳ್ಳ ಒಳಗೆ ಬಂದರೂ ಅವನ ಕೈ ಅಷ್ಟು ದೂರ ಚಾಚುವುದಿಲ್ಲ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಿರಿ: ತಂತ್ರಾಂಶದ ದುರಸ್ತಿಗಳನ್ನು ಕೊನೆಯ ಸಲ ಹಾಕಿದ್ದು ಎಂದು? ಲೆಕ್ಕದ ನಕಲು ಯಂತ್ರದಿಂದ ಬಿಡಿಸಿಟ್ಟ ಬೇರೆ ಡಿಸ್ಕಿನಲ್ಲಿ ಇದೆಯೇ? ಇದೆ ಎಂದರೆ, ಆ ಡಿಸ್ಕಿನಿಂದ ಒಬ್ಬ ಸದಸ್ಯರ ಖಾತೆಯನ್ನಾದರೂ ತೆರೆದು ತೋರಿಸಲಿ.