ಒಂದೇ ಪಂಕ್ತಿ
ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಕೈ ತೊಳೆಯುವುದು, ಸರದಿ ಕಾಯುವುದು, ಚಿಕ್ಕವರನ್ನು ಮುಂದೆ ಬಿಡುವುದು, ಇವನ್ನು ಗದರಿಸಿ ಕಲಿಸಬೇಕಾಗಿಲ್ಲ. ಶಿಕ್ಷಕರೂ ಸಾಲಿನಲ್ಲಿ ನಿಂತರೆ ಸಾಕು.

1982ರಲ್ಲಿ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಅವರು ತಮಿಳುನಾಡಿನಲ್ಲಿ ಪೌಷ್ಟಿಕ ಆಹಾರ ಯೋಜನೆಯನ್ನು ಆರಂಭಿಸಿದರು. ಹಸಿವು ನೀಗಿದ್ದಲ್ಲದೆ, ಬೇರೆ ಬೇರೆ ಮನೆಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತರು. ಪಂಕ್ತಿಯನ್ನು ಕೆಡಿಸುವವರು ಹೆಚ್ಚಾಗಿ ಹಿರಿಯರೇ. 2018ರಲ್ಲಿ ತಿರುಪ್ಪೂರು ಜಿಲ್ಲೆಯ ಅವಿನಾಶಿ ಬಳಿಯ ಸರ್ಕಾರಿ ಶಾಲೆಯೊಂದಕ್ಕೆ ಅಡುಗೆಗೆ ಬಂದ ದಲಿತ ಮಹಿಳೆಯನ್ನು ಕೆಲವು ಪೋಷಕರು ವಿರೋಧಿಸಿದರು. ಅಧಿಕಾರಿಗಳು ಆಕೆಯನ್ನೇ ವರ್ಗ ಮಾಡಿದರು! ಜನರು ಪ್ರತಿಭಟಿಸಿದ ಮೇಲೆ ಆ ಆದೇಶ ರದ್ದಾಯಿತು; ವಿರೋಧಿಸಿದವರ ಮೇಲೆ ಮೊಕದ್ದಮೆ ದಾಖಲಾಯಿತು.

ಸರದಿ ತಪ್ಪಿಸಿದ ಮಗುವನ್ನು ಒಂದು ಮಾತಿನಿಂದ ತಿದ್ದಬಹುದು. ಮನೆಯವರ ಮಾತು ಕೇಳಿ ತಟ್ಟೆಯನ್ನು ಸರಿಸಿದ ಮಗುವನ್ನು ಬೈದು ಫಲವಿಲ್ಲ. ಅಂದು ಶಿಕ್ಷಕರು ಅದೇ ಪಾತ್ರೆಯ ಅನ್ನವನ್ನು ಬಡಿಸಿಕೊಂಡು, ಆ ಮಗುವಿನ ಪಕ್ಕದಲ್ಲಿ ಕುಳಿತು ಉಣ್ಣಬೇಕು.