ಮಲ್ಲಯ್ಯನ ದಾರಿಗೆ ಸ್ವಂತ ತಾಟು

ಹೋಳಿ ಹುಣ್ಣಿಮೆ ಮುಗಿಯಿತೆಂದರೆ ನಮ್ಮ ಮುದ್ದೇಬಿಹಾಳ ಸೀಮೆಯಲ್ಲಿ ಶ್ರೀಶೈಲದ್ದೇ ಮಾತು. ಯುಗಾದಿಗೆ ಮಲ್ಲಯ್ಯನ ಸನ್ನಿಧಿ ಮುಟ್ಟಬೇಕೆಂದು ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯಿಂದಲೂ ಕಂಬಿ ಹೊತ್ತ ತಂಡಗಳು ಹೊರಡುತ್ತವೆ. ಬೂಟು ಹಾಕಿ ಗುಡ್ಡ ಹತ್ತಿದ ಹುಡುಗರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ; ಬರಿಗಾಲಲ್ಲಿ ರಾಯಚೂರಿನ ಬಿಸಿಲು ದಾಟುವ ಅಜ್ಜಿಯದು ಯಾರಿಗೂ ಸಾಹಸ ಅನ್ನಿಸುವುದಿಲ್ಲ.

ನಡಿಗೆಯ ಲೆಕ್ಕ ಸರಳ. ಬೆಳ್ಳಿ ಮೂಡುವ ಹೊತ್ತಿಗೆ ಹೊರಟು, ಬಿಸಿಲೇರುವ ಮುಂಚೆ ಬೇವಿನ ನೆರಳು ಹಿಡಿಯಬೇಕು. ಮತ್ತೆ ಹೊರಡುವುದು ಇಳಿಹೊತ್ತಿಗೆ. ಕತ್ತಲಾದ ಮೇಲೆ ರಸ್ತೆಯ ಬಲಬದಿ, ಎದುರಿನ ಲಾರಿ ಕಣ್ಣಿಗೆ ಬೀಳುವ ಹಾಗೆ. ಬೆನ್ನಿಗೆ ಹೊಳೆಯುವ ಪಟ್ಟಿ. ಅಂಗಾಲಿನ ಬೊಬ್ಬೆಯನ್ನು ಒಡೆಯಬಾರದು. ಇಷ್ಟನ್ನು ಹಿರಿಯರು ಮೊದಲ ದಿನವೇ ಹೇಳಿಬಿಡುತ್ತಾರೆ, ಎರಡನೇ ದಿನ ಕಾಲೇ ಹೇಳುತ್ತದೆ.

ನಾನು ನಿಧಾನವಾಗಿ ಕಲಿತದ್ದು ದಾಸೋಹದ ಪೆಂಡಾಲುಗಳಿಂದ. ಬಸವಣ್ಣನ ನಾಡಿನವರಿಗೆ ನಡೆದು ಬಂದವರಿಗೆ ಉಣಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಲಿಂಗಸುಗೂರಿನತ್ತ ಹೋಗುವ ದಾರಿಯುದ್ದಕ್ಕೂ ಕಟಕ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ, ಮಜ್ಜಿಗೆ, ಕಲ್ಲಂಗಡಿ. ಇಂಡಿಯವರು ಚೀಲಗಟ್ಟಲೆ ನಿಂಬೆಹಣ್ಣು ಹೊತ್ತು ತಂದು ಶರಬತ್ತು ಮಾಡಿ ಹಂಚುತ್ತಾರೆ. 2023ರಲ್ಲಿ ಜಿಐ ಮಾನ್ಯತೆ ಸಿಕ್ಕ ಹಣ್ಣು ಅದು, ಬಿಸಿಲಿಗೆ ಅದರ ಹುಳಿಯೇ ಔಷಧ. ದುಡ್ಡು ಕೊಡಲು ಹೋದರೆ ಸಿಟ್ಟಾಗುತ್ತಾರೆ.

ಆದರೆ ಪೆಂಡಾಲು ದಾಟಿ ಸ್ವಲ್ಪ ಮುಂದೆ ಹೋಗಿ ನೋಡಬೇಕು. ಕಾಗದದ ಲೋಟ, ನೀರಿನ ಪ್ಯಾಕೆಟ್ಟು, ಬೆಳ್ಳಿ ಬಣ್ಣದ ತಟ್ಟೆಗಳು ಗಾಳಿಗೆ ಹಾರಿ ತೊಗರಿ ಕೊಯ್ದ ಹೊಲದ ಕೂಳೆಗೆ ಸಿಕ್ಕಿಕೊಂಡಿರುತ್ತವೆ. ಒಮ್ಮೆ ಒಂದು ಆಕಳು ಸಾರು ಹತ್ತಿದ ತಟ್ಟೆಯನ್ನು ಮಡಚಿ ಮಡಚಿ ಅಗಿಯುತ್ತಿತ್ತು. ಹೊಲದವನು ನಮಗೆ ಒಂದು ಮಾತೂ ಅನ್ನಲಿಲ್ಲ. ಅದರ ಬಾಯಿಗೆ ಕೈಹಾಕಿ ಎಳೆದ, ಅರ್ಧ ಮಾತ್ರ ಹೊರಬಂತು. ಆ ಸಂಜೆಯೇ ನಮ್ಮ ತಂಡದ ಹೆಣ್ಣುಮಕ್ಕಳು ಊರಿಗೆ ಫೋನು ಹಚ್ಚಿ, ಹಿಂದೆ ಬರುವವರ ಕೈಲಿ ಸ್ಟೀಲಿನ ತಾಟು, ತಂಬಿಗೆ ತರಿಸಿದರು. ಬಡಿಸುವವರಿಗೂ ಖರ್ಚು ಉಳಿಯುತ್ತದೆ. ಆ ಉಳಿಕೆಯಲ್ಲಿ ಇನ್ನೊಂದು ಹಂಡೆ ಮಜ್ಜಿಗೆ ಆಗುತ್ತದೆ.

ಆಂಧ್ರದ ಆತ್ಮಕೂರು ದಾಟಿ, ವೆಂಕಟಾಪುರದ ಮುಂದೆ ದಾರಿ ನಲ್ಲಮಲ ಕಾಡಿಗೆ ಇಳಿದ ಮೇಲಂತೂ ಕಸ ಎಸೆಯುವುದು ಬರೀ ಹೊಲಸಿನ ಪ್ರಶ್ನೆಯಲ್ಲ. ಅದು ನಾಗಾರ್ಜುನಸಾಗರ-ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶ. ನಾಗಲೂಟಿ, ಪೆದ್ದಚೆರುವು ದಾಟಿದ ಮೇಲೆ ಭೀಮನ ಕೊಳಕ್ಕೆ ಕಡಿದಾದ ಇಳಿತ, ಅಲ್ಲಿಂದ ಕೈಲಾಸ ದ್ವಾರಕ್ಕೆ ಮೊಣಕಾಲು ನಡುಗಿಸುವ ಏರು. ಹದಿನಾಲ್ಕನೇ ಶತಮಾನದಲ್ಲಿ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದನೆಂದು ಓದಿದ್ದೆ. ಏರು ಹತ್ತುವಾಗ ಆತನ ನೆನಪು ಬಾರದೆ ಇರದು. ಒಣಗಿದ ಎಲೆಯ ನಡುವೆ ಒಲೆ ಹೂಡುವವರು, ಸ್ಪೀಕರ್ ಹೆಗಲಿಗೇರಿಸಿ ಕಾಡು ಹೊಕ್ಕವರು, ಇವರ ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಭಕ್ತಿಗೂ ಬ್ಯಾಟರಿಗೂ ಏನು ಸಂಬಂಧವೋ! ಈ ಕಾಡು ಚೆಂಚು ಜನರ ಮನೆ. ಮಲ್ಲಯ್ಯ ತಮ್ಮ ಹುಡುಗಿಯನ್ನು ಮದುವೆಯಾದ ಅಳಿಯನೆಂದು ಅವರು ಕಥೆ ಹೇಳುತ್ತಾರೆ. ಅವರ ಗುಡಿಸಲ ಮುಂದೆ ನಿಂತು ಕೇಳದೆ ಮೊಬೈಲು ಎತ್ತುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ನಮ್ಮವರಿಗೆ ಮಲ್ಲಯ್ಯನ ಮಡದಿ ಭ್ರಮರಾಂಬೆ ಮನೆಮಗಳು. ಸೀರೆ, ಕುಪ್ಪಸ, ಬಳೆ ಕಟ್ಟಿಕೊಂಡು ಉಡಿ ತುಂಬಲು ಹೋಗುತ್ತಾರೆ. ಕೊಳದ ಹತ್ತಿರ ಹುಡುಗನೊಬ್ಬ ಬಾಟಲಿ ಎಸೆದಾಗ ಸಿಂದಗಿ ಕಡೆಯ ಅತ್ತಿಯೊಬ್ಬರು ಗದರಿದ್ದು ಹೀಗೆ: “ಮಗಳ ಮನಿಗಿ ಬಂದು ಅಂಗಳ ಹೊಲಸು ಮಾಡ್ತಾರೇನೋ ತಮ್ಮಾ? ಎತ್ಕೊ ಅದನ್ನ.” ಅರಣ್ಯ ಇಲಾಖೆಯ ಫಲಕಕ್ಕೆ ಬಗ್ಗದ ಹುಡುಗ ಕಿವಿ ಕೆಂಪಗೆ ಮಾಡಿಕೊಂಡು ಎತ್ತಿಕೊಂಡ.

ಈಗ ನಮ್ಮ ತಂಡಕ್ಕೆ ಹೆಸರು ಬರೆಸುವವರಿಗೆ ಹೊರಡುವ ಮುಂಚೆಯೇ ಹೇಳುತ್ತೇವೆ: ತಾಟು, ತಂಬಿಗೆ ಇಲ್ಲದ ಚೀಲವನ್ನು ಸಾಮಾನಿನ ಟ್ರ್ಯಾಕ್ಟರಿಗೆ ಏರಿಸುವುದಿಲ್ಲ. ಗೊಣಗುವವರು ಗೊಣಗುತ್ತಾರೆ, ಹೊತ್ತು ನಡೆಯುವವರೂ ಇದ್ದಾರೆ.