ಮೂರು ದಿನದ ಜರ್ನಲ್

ಪ್ರಶ್ನೆ: ಮಗಳು ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ನಮ್ಮೂರು ಮತ್ತು ಸುತ್ತಲಿನ ಹಳ್ಳಿಗಳ ಭತ್ತ ಬೆಳೆಯುವವರ ಸಾಲದ ಮೇಲೆ ಅವಳ ಅಧ್ಯಯನ. ಯಾವುದೋ ಜರ್ನಲ್‌ನವರು ವಾಟ್ಸಾಪಿನಲ್ಲಿ ‘ಎರಡು ಸಾವಿರ ಕಟ್ಟಿ, ಮೂರು ದಿನದಲ್ಲಿ ಪೇಪರ್ ಪ್ರಕಟಿಸಿ ಸರ್ಟಿಫಿಕೇಟ್ ಕಳಿಸುತ್ತೇವೆ, ಐಎಸ್‌ಎಸ್‌ಎನ್ ಇದೆ’ ಎಂದಿದ್ದಾರೆ. ಲೇಖನ ಕಳಿಸಿ ಐನೂರು ಮುಂಗಡವನ್ನೂ ಹಾಕಿಬಿಟ್ಟಿದ್ದಾಳೆ. ಗೈಡ್ ಹೆಸರನ್ನೇ ಮೊದಲು ಹಾಕಬೇಕಂತೆ. ದುಡ್ಡು ಕೊಟ್ಟು ಅಚ್ಚು ಹಾಕಿಸುವುದು ಸರಿಯೇ? ಒಳ್ಳೆಯ ಜರ್ನಲ್ ಯಾವುದೆಂದು ನಮ್ಮಂಥ ಒಕ್ಕಲುಮಕ್ಕಳಿಗೆ ತಿಳಿಯುವುದು ಹೇಗೆ?
— ಓದುಗರೊಬ್ಬರು, ಕಡರನಾಯಕನಹಳ್ಳಿ, ಹರಿಹರ ತಾಲ್ಲೂಕು

ಉತ್ತರ: ದುಡ್ಡಿನ ಮಾತು ಆಮೇಲೆ ಆಡೋಣ. ನಿಮ್ಮ ಪತ್ರ ಓದುವಾಗ ನಾನು ನಿಂತದ್ದು ‘ಮೂರು ದಿನ’ ಎಂಬಲ್ಲಿ. ಸಂಪಾದಕರ ಕೈಗೆ ಬಂದ ಲೇಖನ ಅದೇ ವಿಷಯದಲ್ಲಿ ಕೆಲಸ ಮಾಡಿದ ಇಬ್ಬರಿಗೋ ಮೂವರಿಗೋ ಹೋಗಬೇಕು. ಅವರಿಗೆ ಸಾಮಾನ್ಯವಾಗಿ ಸಂಭಾವನೆ ಇಲ್ಲ, ಹೆಸರೂ ಹೊರಗೆ ಬರುವುದಿಲ್ಲ. ತಮ್ಮ ಪಾಠ, ಮೌಲ್ಯಮಾಪನಗಳ ನಡುವೆ ಬಿಡುವು ಮಾಡಿಕೊಂಡು ಓದಿ, ‘ಈ ಕೋಷ್ಟಕದ ಮೊತ್ತ ತಾಳೆಯಾಗುತ್ತಿಲ್ಲ’, ‘ನಲವತ್ತು ಮನೆ ನೋಡಿ ಇಡೀ ತಾಲ್ಲೂಕಿನ ಮಾತು ಆಡುವುದು ಹೇಗೆ’ ಎಂದೆಲ್ಲ ಬರೆದು ಕಳಿಸುತ್ತಾರೆ. ಲೇಖಕಿ ತಿದ್ದಿ ಮರಳಿಸಬೇಕು. ಎಷ್ಟೋ ಸಲ ಎರಡನೇ ಸುತ್ತೂ ಆಗುತ್ತದೆ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಮೂರು ದಿನದಲ್ಲಿ ಆಗುವ ಕೆಲಸ ಡಿಟಿಪಿ ಮಾತ್ರ.

ಜರ್ನಲ್‌ನ ಯೋಗ್ಯತೆ ಇರುವುದು ಅದು ‘ಬೇಡ’ ಎನ್ನಬಲ್ಲದೇ ಎಂಬುದರಲ್ಲಿ. 2013ರಲ್ಲಿ ಜಾನ್ ಬೊಹಾನನ್ ಎಂಬ ವಿಜ್ಞಾನ ಪತ್ರಕರ್ತ ಇದನ್ನೇ ಪರೀಕ್ಷೆ ಮಾಡಿದ. ಕ್ಯಾನ್ಸರ್ ಔಷಧಿಯ ಬಗ್ಗೆ ಬೇಕೆಂದೇ ದೊಡ್ಡ ದೊಡ್ಡ ತಪ್ಪುಗಳನ್ನು ಇಟ್ಟು ಒಂದು ಲೇಖನ ಹೆಣೆದು, ಇಲ್ಲದ ಲೇಖಕರ ಹೆಸರಿನಲ್ಲಿ 304 ಜರ್ನಲ್‌ಗಳಿಗೆ ಕಳಿಸಿದ. 157 ಜರ್ನಲ್‌ಗಳು ಒಪ್ಪಿಕೊಂಡವು, 98 ತಿರಸ್ಕರಿಸಿದವು. ಹೀಗೆ ಪರೀಕ್ಷೆಗೆ ಸಿಕ್ಕ ಜರ್ನಲ್‌ಗಳಲ್ಲಿ ಹತ್ತಿರಹತ್ತಿರ ಮೂರನೇ ಒಂದು ಪಾಲು ಭಾರತದ್ದು. ಅವುಗಳ ಫಲಿತಾಂಶವೂ ಹೆಮ್ಮೆ ಪಡುವಂಥದ್ದಾಗಿರಲಿಲ್ಲ.

ಇನ್ನು ಆ ಐಎಸ್‌ಎಸ್‌ಎನ್. ನೀವು ಬಿತ್ತನೆ ಭತ್ತ ತರುವಾಗ ಚೀಲಕ್ಕೆ ಹೊಲಿದ ನೀಲಿ ಚೀಟಿ ನೋಡುತ್ತೀರಿ. ಆ ಚೀಟಿ ಬರಬೇಕಾದರೆ ಬೀಜ ಪ್ರಮಾಣನದವರು ಬೆಳೆ ನಿಂತಾಗಲೇ ಗದ್ದೆಗೆ ಬಂದು ಬೆರಕೆ ನೋಡಿರಬೇಕು, ಮೊಳಕೆ ಪರೀಕ್ಷೆ ಆಗಿರಬೇಕು. ಐಎಸ್‌ಎಸ್‌ಎನ್ ನೀಲಿ ಚೀಟಿಯಲ್ಲ, ಚೀಲದ ಮೇಲಿನ ನಂಬರು ಅಷ್ಟೇ. ಎಂಟಂಕಿಯ ಈ ಸಂಖ್ಯೆಯನ್ನು ದೆಹಲಿಯ ಸರ್ಕಾರಿ ಕೇಂದ್ರವೊಂದು ಪುಕ್ಕಟೆ ಕೊಡುತ್ತದೆ. ಸಿನಿಮಾ ಪತ್ರಿಕೆಗೂ ಸಿಗುತ್ತದೆ. ಒಳಗಿನ ಕಾಳು ಜೊಳ್ಳೋ ಗಟ್ಟಿಯೋ ಎಂದು ಅದು ಹೇಳುವುದಿಲ್ಲ. ‘ಇಂಪ್ಯಾಕ್ಟ್ ಫ್ಯಾಕ್ಟರ್ 7.8’ ಎಂದು ಮುಖಪುಟದಲ್ಲೇ ಮಿನುಗಿಸುವವರನ್ನೂ ಅನುಮಾನದಿಂದಲೇ ನೋಡಿ. ಜರ್ನಲ್‌ನ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದರೆಂಬ ಆ ಲೆಕ್ಕವನ್ನು ಅಧಿಕೃತವಾಗಿ ಹಾಕುವುದು ಕ್ಲಾರಿವೇಟ್ ಎಂಬ ಕಂಪನಿ. ಅದೇ ಹೆಸರಿನ ನಕಲಿ ಅಂಕಿ ಮಾರುವ ಅಂಗಡಿಗಳೂ ಇವೆ.

ದುಡ್ಡು ಕೇಳಿದ ಮಾತ್ರಕ್ಕೆ ಜರ್ನಲ್ ಕೆಟ್ಟದ್ದಾಗುವುದಿಲ್ಲ. ಓದುವವರಿಗೆ ಉಚಿತವಾಗಿ ಸಿಗಲಿ ಎಂದು ಬರೆಯುವವರ ಸಂಸ್ಥೆಯಿಂದ ಶುಲ್ಕ ಪಡೆಯುವ ಪದ್ಧತಿ ಜಗತ್ತಿನ ದೊಡ್ಡ ಜರ್ನಲ್‌ಗಳಲ್ಲೂ ಇದೆ. ‘ನೇಚರ್’ ಇದಕ್ಕೆ 2020ರಲ್ಲಿ ಘೋಷಿಸಿದ ದರ 9,500 ಯೂರೋ. (ನಮ್ಮ ಕಡೆಯ ಒಂದು ಗದ್ದೆಯ ಬೆಲೆ!) ಪ್ರಾಮಾಣಿಕರು ಶುಲ್ಕವನ್ನು ಮೊದಲೇ ಬಹಿರಂಗವಾಗಿ ಹೇಳಿರುತ್ತಾರೆ, ಸಾಮಾನ್ಯವಾಗಿ ಲೇಖನ ಒಪ್ಪಿಗೆಯಾದ ಮೇಲೆಯೇ ಕೇಳುತ್ತಾರೆ. ಓದುವ ಮೊದಲೇ ಮುಂಗಡ ಕೇಳಿದವರು ನಿಮ್ಮ ಮಗಳ ಲೇಖನವನ್ನು ಓದುವ ಗೋಜಿಗೇ ಹೋಗುವುದಿಲ್ಲ.

ಈ ಸಂತೆ ನೆರೆದದ್ದು ಹೇಗೆ? ನನ್ನ ಮಟ್ಟಿಗೆ ತಪ್ಪು ವಿದ್ಯಾರ್ಥಿಗಳದ್ದಲ್ಲ. 2010ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಅಧ್ಯಾಪಕರ ಬಡ್ತಿಗೆ ಪಾಯಿಂಟ್ ಪದ್ಧತಿ ತಂದಿತು. ಇಷ್ಟು ಪೇಪರಿಗೆ ಇಷ್ಟು ಪಾಯಿಂಟು. ಪಾಯಿಂಟಿಗೆ ಗಿರಾಕಿ ಹುಟ್ಟಿದ ಮೇಲೆ ಮಾರುವವರು ಬಾರದೆ ಇರುತ್ತಾರೆಯೇ? ಅದನ್ನು ತಡೆಯಲು 2017ರಲ್ಲಿ ‘ಮಾನ್ಯತೆ ಪಡೆದ ಪತ್ರಿಕೆಗಳ ಪಟ್ಟಿ’ ಮಾಡಿದರು. ವಿಶ್ವವಿದ್ಯಾಲಯಗಳು ಸೂಚಿಸಿದ ಹೆಸರುಗಳೂ ಅದರೊಳಗೆ ಸೇರಿದವು. ಪುಣೆಯ ಸಂಶೋಧಕ ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಆ ಸೂಚಿತ ಪತ್ರಿಕೆಗಳಲ್ಲಿ 1,009ನ್ನು ಒಂದೊಂದಾಗಿ ತೆರೆದು ನೋಡಿದರು. ನೂರಕ್ಕೆ 88ರಷ್ಟು ನಿಲ್ಲಲಿಲ್ಲ. ಕೆಲವಕ್ಕೆ ವಿಳಾಸವಿಲ್ಲ, ಸಂಪಾದಕರ ಹೆಸರಿಲ್ಲ. ಇನ್ನು ಕೆಲವು ಹೇಳಿಕೊಂಡದ್ದೇ ಸುಳ್ಳು. ಈ ವಿವರ ಅಚ್ಚಾದದ್ದು 2018ರಲ್ಲಿ, ಬೆಂಗಳೂರಿನಿಂದ 1932ರಿಂದಲೂ ಹೊರಡುತ್ತಿರುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. ನಂತರ ‘ಕೇರ್’ ಎಂಬ ಹೊಸ ಪಟ್ಟಿ ಬಂತು. 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟರು. ಈಗ ಆರಿಸುವ ಹೊಣೆ ಆಯಾ ವಿಶ್ವವಿದ್ಯಾಲಯದ್ದು. ‘ಯುಜಿಸಿ ಅಪ್ರೂವ್ಡ್’ ಎಂದು ಇವತ್ತಿಗೂ ಮೆಸೇಜು ಕಳಿಸುವವರು ಇಲ್ಲದ ಪಟ್ಟಿಯ ಹೆಸರು ಹೇಳುತ್ತಿದ್ದಾರೆ.

ಇನ್ನೊಂದು ಮಾತು, ಇದು ನಿಮ್ಮ ಮಗಳಿಗೆ ಉಪಯೋಗಕ್ಕೆ ಬರಬಹುದು. ಪ್ರಬಂಧ ಒಪ್ಪಿಸುವ ಮೊದಲು ಪೇಪರ್ ಪ್ರಕಟಿಸಿರಲೇಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮಗಳಲ್ಲಿ ತೆಗೆದುಹಾಕಿದೆ. ಅವಳ ವಿಶ್ವವಿದ್ಯಾಲಯ ಸ್ವಂತ ನಿಯಮ ಇಟ್ಟುಕೊಂಡಿದೆಯೇ ಎಂದು ಸಂಶೋಧನಾ ವಿಭಾಗದಲ್ಲಿ ಬರಹದಲ್ಲೇ ಕೇಳಲಿ. ಕಾರಿಡಾರಿನ ಮಾತು ನಂಬಿ ದುಡ್ಡು ಕಟ್ಟುವುದು ಬೇಡ.

ಗೈಡ್ ಹೆಸರಿನ ಪ್ರಶ್ನೆ ಸೂಕ್ಷ್ಮದ್ದು. ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಮಾಡಿಕೊಂಡ ಒಂದು ನಿಯಮ ಎಲ್ಲರಿಗೂ ದಾರಿ ತೋರಿಸುತ್ತದೆ. ಕೆಲಸದಲ್ಲಿ ಗಣನೀಯ ಪಾಲಿರಬೇಕು. ಬರೆದಿರಬೇಕು ಇಲ್ಲವೇ ತಿದ್ದಿರಬೇಕು. ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು. ಅದರೊಳಗಿನ ಪ್ರತಿಯೊಂದಕ್ಕೂ ಜವಾಬು ಹೇಳಲು ಸಿದ್ಧರಿರಬೇಕು. ನಾಲ್ಕೂ ಇದ್ದರೆ ಲೇಖಕರು. ದಾರಿ ತೋರಿಸಿದ ಋಣಕ್ಕೆ ಕೊನೆಯಲ್ಲಿ ಕೃತಜ್ಞತೆ ಸಾಕು. ಗೈಡ್ ನಿಜಕ್ಕೂ ದುಡಿದಿದ್ದರೆ ಅವರ ಹೆಸರು ಬರಲಿ. ಆದರೆ ಮನೆಮನೆ ತಿರುಗಿ ಪ್ರಶ್ನಾವಳಿ ತುಂಬಿ ಬರೆದವಳ ಹೆಸರೇ ಮೊದಲು ಬರಬೇಕು. ವಿದ್ಯಾರ್ಥಿ ಇದನ್ನು ಗೈಡ್ ಮುಂದೆ ಹೇಳುವುದು ಎಷ್ಟು ಕಷ್ಟವೆಂದು ನನಗೂ ಗೊತ್ತು. ಬರೆಯಲು ಕೂರುವ ಮೊದಲೇ ಈ ಮಾತು ಆಡಿಬಿಟ್ಟರೆ ಅಷ್ಟು ಮುಜುಗರವಾಗುವುದಿಲ್ಲ.

ಹೆಸರು ಹಾಕಿಕೊಂಡವರಿಗೆ ಹೊರೆಯೂ ಬರುತ್ತದೆ. ನಮ್ಮ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ಹೆಸರಿದ್ದ ಒಂದು ಲೇಖನ 2011ರಲ್ಲಿ ‘ಅಡ್ವಾನ್ಸ್ಡ್ ಮೆಟೀರಿಯಲ್ಸ್’ ಪತ್ರಿಕೆಯಲ್ಲಿ ಬಂತು. ಅದರ ಕೆಲವು ವಾಕ್ಯಗಳು ಬೇರೆಯವರ ಲೇಖನದಿಂದ ಹಾಗೇ ಬಂದಿದ್ದವು. ಆಗ ಅವರು ಪ್ರಧಾನಿಯವರ ವೈಜ್ಞಾನಿಕ ಸಲಹಾ ಮಂಡಳಿಯ ಅಧ್ಯಕ್ಷರು. ಆದರೂ ಪತ್ರಿಕೆಯಲ್ಲಿ ಲೇಖಕರ ಕ್ಷಮಾಪಣೆ ಅಚ್ಚಾಯಿತು. ಸಂಶೋಧನೆಯ ಫಲಿತಾಂಶ ಸ್ವಂತದ್ದೇ ಆದ್ದರಿಂದ ಲೇಖನ ಉಳಿಯಿತು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನದು ಇನ್ನೂ ಗಂಭೀರ ಪ್ರಕರಣ: 2020ರಲ್ಲಿ ‘ನೇಚರ್ ಕೆಮಿಕಲ್ ಬಯಾಲಜಿ’ಯಲ್ಲಿ ಬಂದ ಅಲ್ಲಿನ ಸಂಶೋಧಕರ ಲೇಖನದ ಚಿತ್ರಗಳನ್ನು ತಿರುಚಲಾಗಿದೆ ಎಂದು ಗೊತ್ತಾಗಿ, ಮರುವರ್ಷವೇ ಅದನ್ನು ಹಿಂತೆಗೆದುಕೊಂಡರು. ಹಿಂತೆಗೆದುಕೊಂಡ ಲೇಖನವನ್ನು ಯಾರೂ ಬಚ್ಚಿಡುವುದಿಲ್ಲ. ‘ಇದನ್ನು ನಂಬಬೇಡಿ’ ಎಂಬ ಗುರುತು ಹೊತ್ತು ಅದು ಅಲ್ಲೇ ಇರುತ್ತದೆ. ನೀವು ಕೇಳಿದ ‘ತಿಳಿಯುವುದು ಹೇಗೆ’ ಎಂಬುದಕ್ಕೆ ನನ್ನ ಉತ್ತರ ಅರ್ಧ ಇಲ್ಲೇ ಇದೆ. ಲೇಖನ ಕಳಿಸಬೇಕೆಂದಿರುವ ಜರ್ನಲ್‌ನ ಹಳೆಯ ಸಂಚಿಕೆಗಳನ್ನು ತೆರೆದು, ‘ನಮ್ಮಿಂದ ತಪ್ಪಾಯಿತು’ ಎಂದು ಯಾವತ್ತಾದರೂ ಅಚ್ಚು ಹಾಕಿದ್ದಾರೆಯೇ ನೋಡಲಿ. ಉಳಿದರ್ಧ: ಒಂದೇ ಸಂಚಿಕೆಯಲ್ಲಿ ಆಯುರ್ವೇದ, ಸಿಮೆಂಟು, ಬಸವಣ್ಣ ಮೂರೂ ಇದ್ದರೆ ಅದನ್ನು ಮುಚ್ಚಿ ಪಕ್ಕಕ್ಕಿಡಲಿ. ಸಂಪಾದಕ ಮಂಡಳಿಯಲ್ಲಿರುವ ಪ್ರೊಫೆಸರೊಬ್ಬರಿಗೆ ಇಮೇಲ್ ಬರೆದು ‘ನೀವು ಈ ಪತ್ರಿಕೆಯಲ್ಲಿ ಇದ್ದೀರಾ’ ಎಂದು ಕೇಳಲಿ. ಎಷ್ಟೋ ಮಂದಿಗೆ ತಮ್ಮ ಹೆಸರು ಅಲ್ಲಿರುವುದೇ ಗೊತ್ತಿರುವುದಿಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು, ಏಕೆಂದರೆ ಇದು ನಿಮ್ಮೂರಿನವರ ಮಾನದ ಮಾತು. ಲೇಖನದಲ್ಲಿ ಯಾರ ಹೆಸರನ್ನೂ ಹಾಕಿಲ್ಲ ಎಂದು ನಿಮ್ಮ ಮಗಳು ಹೇಳಬಹುದು. ಆದರೆ ‘ಎರಡೆಕರೆ, ಮೂವರು ಹೆಣ್ಣುಮಕ್ಕಳು, ಸೊಸೈಟಿ ಸಾಲ ಬಾಕಿ, ಒಡವೆ ಅಡವು’ ಎಂದು ಬರೆದರೆ ಹಳ್ಳಿಯಲ್ಲಿ ಹೆಸರು ಬೇರೆ ಬೇಕೇ? ಅಗಸೆಬಾಗಿಲ ಕಟ್ಟೆ ಮೇಲೆ ಕೂತವರು ಮನೆ ಯಾವುದೆಂದು ಅಲ್ಲಿಂದಲೇ ತೋರಿಸುತ್ತಾರೆ. ಒಳ್ಳೆಯ ಪತ್ರಿಕೆಯ ವಿಮರ್ಶಕರು ಇಂಥದ್ದನ್ನು ಹಿಡಿದು, ವಿವರ ಸಡಿಲಿಸಿ ಎನ್ನುತ್ತಾರೆ. ಮಾತಾಡಿದವರ ಒಪ್ಪಿಗೆ ಪಡೆದಿದ್ದೀರಾ ಎಂದೂ ಕೇಳುತ್ತಾರೆ. ಮೂರು ದಿನದವರು ಅದನ್ನು ಇದ್ದ ಹಾಗೇ ಹಾಕಿಬಿಡುತ್ತಾರೆ.

ಈಗ ಆಗಬೇಕಾದ್ದು: ‘ನನ್ನ ಲೇಖನವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ, ಪ್ರಕಟಿಸಬೇಡಿ’ ಎಂದು ಅವಳು ಇವತ್ತೇ ಇಮೇಲ್ ಕಳಿಸಲಿ, ಪ್ರತಿ ಇಟ್ಟುಕೊಳ್ಳಲಿ. ಕಾಪಿರೈಟ್ ಫಾರ್ಮ್ ಬಂದಿದ್ದರೆ ಸಹಿ ಹಾಕಬಾರದು. ಅವರಿಂದ ಉತ್ತರ ಬರುವವರೆಗೆ ಅದೇ ಲೇಖನವನ್ನು ಇನ್ನೊಂದು ಕಡೆ ಕಳಿಸಬಾರದು. ಒಂದೇ ಲೇಖನ ಏಕಕಾಲಕ್ಕೆ ಎರಡು ಕಡೆ ಇದ್ದರೆ ತಪ್ಪು ಅವಳದ್ದಾಗುತ್ತದೆ. ‘ಹಿಂತೆಗೆಯಲು ಇನ್ನೊಂದು ಸಾವಿರ ಕಟ್ಟಿ’ ಎಂದು ಬೆದರಿಸಿದರೆ ಕಟ್ಟುವುದು ಬೇಡ. ಆ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ವಿಭಾಗದ ಮುಖ್ಯಸ್ಥರಿಗೆ ತೋರಿಸಲಿ. ಐನೂರು ರೂಪಾಯಿ ಮರಳಿ ಬರುತ್ತದೆಂದು ಕಾಯಬೇಡಿ.